ಸುಡದೆ ಉಳಿಸಿದ ಮುಖವಾಡ

ಮಾರ್ಚ್ 4, ಬೆಳಿಗ್ಗೆ 7

ಮತ್ತೆ ಕೆಮ್ಮು. ಒಲೆಯ ಪಕ್ಕ, ಮೂರು ಸಲ, ಅಣ್ಣ ಕೆಮ್ಮುತ್ತಿದ್ದಂತೆಯೇ. ವೆಲ್ಡಿಂಗ್ ಹೊಗೆ ತಿಂದ ಎದೆ ಅವನದು. ಮಣ್ಣಾಗಿ ಹದಿನೆಂಟು ದಿನ. ಚಿಮಣಿಯ ಸದ್ದು ಎಂದು ತೀರ್ಮಾನಿಸಿ ಕಾಫಿ ಕುಡಿದೆ. ಅಮ್ಮ ಅವನಿಗೆಂದು ಕಿಟಕಿಯಲ್ಲಿಡುವ ಲೋಟದ ನೀರು ಒಂದು ಬೆರಳು ಇಳಿದಿದೆ. ಬೆಕ್ಕು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಆದರೂ ಬೆಕ್ಕು.

ತಪ್ಪೊಪ್ಪಿಗೆ, ಈ ಪುಸ್ತಕಕ್ಕೆ ಮಾತ್ರ. ಸತ್ತವರ ಸಾಮಾನೆಲ್ಲ ಸುಡಬೇಕು. ಏನಾದರೂ ಉಳಿದರೆ ಕೇಳಿಕೊಂಡು ಅವರೇ ಬರುತ್ತಾರೆ. ಊರವರು ಜಿಪ್ಸಿಗಳೆನ್ನುವ ನಮ್ಮ ರೋಮಾ ಜನರ ಕೇರಿಯಲ್ಲಿ ಇದನ್ನು ಪ್ರಶ್ನಿಸಿದವರಿಲ್ಲ. ಸುಡುವ ಹೊಣೆ ತಮ್ಮನಾದ ನನ್ನದು. ಕೋಟು, ಬೂಟು, ಹಾಸಿಗೆ, ಇಸ್ಪೀಟು ಎಲ್ಲ ಸುಟ್ಟೆ. ವೆಲ್ಡಿಂಗ್ ಮುಖವಾಡ ಮಾತ್ರ ಬಚ್ಚಿಟ್ಟೆ.

ಅವನ ಮಗಳು ಝನೇಟಾಗೆ ವೆಲ್ಡಿಂಗ್ ಕೋರ್ಸಿನಲ್ಲಿ ಸೀಟು ಸಿಕ್ಕಿದೆ. ಮುಖವಾಡ ಅವರವರೇ ತರಬೇಕಂತೆ. ಆರನೇ ವಯಸ್ಸಿನಲ್ಲಿ ಈ ದೇಶದ ಸ್ಲೊವಾಕ್ ಮಾತು ಬರಲಿಲ್ಲವೆಂದು ಅವಳನ್ನು ಬುದ್ಧಿಮಾಂದ್ಯರ ಶಾಲೆಗೆ ಹಾಕಿದ್ದರು. ಆ ಸರ್ಟಿಫಿಕೇಟು ನೋಡಿದ ಮೇಲೂ ಬಾಗಿಲು ತೆರೆದದ್ದು ಇದೊಂದೇ ಕೋರ್ಸು. ನಾನು ಊರ ಕಚೇರಿಯ ಸಂಪರ್ಕ ಕಾರ್ಯಕರ್ತ — ಕಚೇರಿಯ ಕಾಗದ ಕೇರಿಗೆ, ಕೇರಿಯ ಬೈಗುಳ ಕಚೇರಿಗೆ ಮುಟ್ಟಿಸುವವನು. ಇಷ್ಟೂ ಮಾಡದಿದ್ದರೆ ಹೇಗೆ?

ಮಾರ್ಚ್ 5

ಗೇಟಿಗೆ ಬಳಿದು ಉಳಿದಿದ್ದ ನೀಲಿ ಬಣ್ಣವನ್ನು ಮುಖವಾಡಕ್ಕೆ ಬಳಿದು ಝನೇಟಾಗೆ ಕೊಟ್ಟೆ. 'ಆಫೀಸಿಂದ ಬಂತು' ಎಂದೆ. ತಿರುಗಿಸಿ ನೋಡಿದಳು. ಅದರ ಎಡಗೆನ್ನೆಯ ಕುಳಿಯ ಮೇಲೆ ಬೆರಳಾಡಿಸಿದಳು.

'ಆಫೀಸಿನೋರು ಸೆಕೆಂಡ್ ಹ್ಯಾಂಡ್ ಕೊಡ್ತಾರಾ ಚಿಕ್ಕಪ್ಪ?'

'ನಮಗೆ ಹೊಸದು ಕೊಟ್ಟಿದ್ದು ಯಾವಾಗ ಹೇಳು.'

ನಗಲಿಲ್ಲ. ಹಾಕಿಕೊಂಡಳು. ಒಂದು ಕ್ಷಣ... ಅಣ್ಣನೇ ನಿಂತಿದ್ದ. ಕಚೇರಿಯಲ್ಲಿ ಕೆಲಸವಿದೆ ಎಂದು ಹೊರಟುಬಿಟ್ಟೆ. ದಾರಿಯಲ್ಲಿ ನೆನಪಾಯಿತು, ಭಾನುವಾರ.

ಮಾರ್ಚ್ 22

ಕೋರ್ಸಿನ ಮೇಷ್ಟ್ರು ಪೆತ್ರಾಶ್ ಫೋನ್ ಮಾಡಿದರು. 'ನಿಮ್ಮ ಹುಡುಗಿ ಒಂದು ದಿನಾನೂ ತಪ್ಪಿಸಿಲ್ಲ.' ದೂರು ಹೇಳುವ ದನಿ. ಮೂರನೇ ದಿನಕ್ಕೆ ಬಿಡುತ್ತಾಳೆಂದು ಬಾಜಿ ಕಟ್ಟಿದ್ದರೇನೋ. 'ಮೊದಲೇ ಯಾರ ಹತ್ರ ಕಲಿತಿದ್ಳು? ಕೈ ಪಳಗಿದೆ.'

ಯಾರ ಹತ್ತಿರವೂ ಇಲ್ಲ. ಅಣ್ಣ ಅವಳನ್ನು ಕಿಡಿಯ ಹತ್ತಿರ ಬಿಡುತ್ತಲೇ ಇರಲಿಲ್ಲ.

ಸಂಜೆ ಅವಳೇ ಅಂದಳು: 'ಅದನ್ನ ಹಾಕ್ಕೊಂಡ್ರೆ ಕೈ ತಾನಾಗೇ ನಿಲ್ಲುತ್ತೆ ಚಿಕ್ಕಪ್ಪ. ಒಳಗೆ ತಂಬಾಕಿನ ವಾಸನೆ.'

'ಬಣ್ಣದ ವಾಸನೆ ಅದು.'

ಏಪ್ರಿಲ್ 3

ಅಮ್ಮ ಹಿಡಿದು ನಿಲ್ಲಿಸಿದಳು. 'ಗೇಜಾ, ಏನು ಉಳಿಸ್ಕೊಂಡಿದೀಯ?'

'ಏನಿಲ್ಲಮ್ಮ.'

'ಬಾಗಿಲಲ್ಲಿ ಬಂದು ನಿಲ್ತಾನೆ ನಿಮ್ಮಣ್ಣ, ಕೈ ಚಾಚ್ಕೊಂಡು. ನೀನು ಸುಳ್ಳು ಹೇಳಿದ್ದು ಗೊತ್ತಾದ್ರೆ ನಿನ್ನ ಒಲೇಲಿ ಬೆಂದದ್ದು ಕೇರೀಲಿ ಯಾರೂ ಮುಟ್ಟಲ್ಲ.'

ನನ್ನ ಅಡುಗೆ ತಿನ್ನುವವರಿಗೆ ಅದೊಂದು ವಿಮೋಚನೆ. ಆದರೆ ಝನೇಟಾಳ ತಟ್ಟೆಯನ್ನೂ ಕೇರಿ ಬೇರೆ ಇಡುತ್ತದೆ; ಮುಖವಾಡ ಕಿತ್ತು ಬೆಂಕಿಗೆ ಹಾಕುತ್ತದೆ. ಪರೀಕ್ಷೆಗೆ ಹನ್ನೊಂದು ದಿನ. ಸುಳ್ಳನ್ನೇ ಮತ್ತೆ ಹೇಳಿದೆ.

ಕೆಮ್ಮು ಈಗ ಕಚೇರಿಗೂ ಬರುತ್ತಿದೆ. ಹಾಜರಿ ಹಾಕಿಸಬೇಕೇನೋ.

ಏಪ್ರಿಲ್ 14

ಪಾಸ್. ಪಟ್ಟಣದ ರೈಲು ಡಬ್ಬಿ ಕಾರ್ಖಾನೆಯವರೂ ನೋಡಲು ಬಂದಿದ್ದರಂತೆ. ಸೋಮವಾರದಿಂದ ಕೆಲಸ. ನಾನು ಅಳಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ, ಅಷ್ಟೆ.

'ಅಲ್ಲಿ ಮುಖವಾಡ ಅವರೇ ಕೊಡ್ತಾರೆ ಚಿಕ್ಕಪ್ಪ. ನಾಳೆ ಬೆಳಿಗ್ಗೆ ಇದನ್ನ ಸುಟ್ಟುಬಿಡೋಣ.'

ಚಾಕು ನಿಂತಿತು. 'ಯಾವಾಗ ಗೊತ್ತಾಯ್ತು?'

'ಮೊದಲ ದಿನಾನೇ. ಅಪ್ಪ ಮಧ್ಯಾಹ್ನ ಇದನ್ನ ಮುಖಕ್ಕೆ ಮುಚ್ಕೊಂಡು ಮಲಗ್ತಿದ್ದ. ಈ ಕುಳಿಗೆ ಬೆರಳಿಟ್ಟು ಎಬ್ಬಿಸ್ತಿದ್ದೆ. ಮತ್ತೆ, ಈ ಹಾಳು ನೀಲಿ ಇಡೀ ಕೇರೀಲಿ ನಿನ್ನ ಗೇಟಿಗೆ ಬಿಟ್ರೆ ಯಾರಿಗಿದೆ?'

'ಹೆದರಿಕೆ ಆಗ್ಲಿಲ್ವಾ?'

'ದಿನಾ ಆಗ್ತಿತ್ತು. ಹಾಕ್ಕೊಳ್ಳೋ ಮುಂಚೆ ಕೇಳ್ತಿದ್ದೆ — ಅಪ್ಪಾ, ಇವತ್ತೊಂದಿನ ಕೊಡು ಅಂತ.'

ಏಪ್ರಿಲ್ 15

ಹಳ್ಳದಾಚೆ ಸುಟ್ಟೆವು. ಅಮ್ಮನೂ ಬಂದಳು. ಕಡ್ಡಿ ಗೀರಿದ್ದೇ ಅವಳು. ನೀಲಿ ಬಣ್ಣ ಗುಳ್ಳೆ ಎದ್ದಿತು. ಗಾಜು ಸಿಡಿಯಿತು. ಮನೆಗೆ ಬಂದರೆ ಲೋಟದ ನೀರು ತುಂಬಿದಷ್ಟೇ ಇದೆ. ಒಲೆಯ ಪಕ್ಕ ಸದ್ದಿಲ್ಲ.

ಏಪ್ರಿಲ್ 17, ಬೆಳಿಗ್ಗೆ 6

ಝನೇಟಾಳನ್ನು ಮೊದಲ ಬಸ್ಸಿಗೆ ಬಿಟ್ಟು ಬಂದೆ. ಬುತ್ತಿಗೆ ಅಮ್ಮ ಮಾಡಿದ ರೊಟ್ಟಿ. 'ಚಿಕ್ಕಪ್ಪ, ಹೋಗು, ಎಲ್ರೂ ನೋಡ್ತಿದಾರೆ' ಎಂದಳು. ಮೆಟ್ಟಿಲ ಮೇಲೆ ಕಾಲಿಟ್ಟು ಕೆಮ್ಮಿದಳು. ಮೂರು ಸಲ.

ಬಸ್ ಸ್ಟಾಪಿನಲ್ಲಿ ಚಿಮಣಿ ಇಲ್ಲ. ಬೆಕ್ಕೂ ಇರಲಿಲ್ಲ. ಚಳಿ ಇತ್ತು, ಅದಕ್ಕೇ...