ಫಿಯೆಟ್ ಮತ್ತು ನಮ್ಮ ಮನೆಯವರು

ಬುಧವಾರ, 5 ಫೆಬ್ರವರಿ. ಸಂಜೆ

ವ್ಯಾಯಾಮ ಆಯಿತು. ಗೋಡೆ ಹಿಡಿದು ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು. ಮಧ್ಯಾಹ್ನ ಫಿಜಿಯೋ ಹುಡುಗಿಯ ಹತ್ತಿರವೂ ಹೋಗಿ ಬಂದೆ. ‘ಮಂಡಿ ಸೂಪರ್ ಅಮ್ಮಾ’ ಅಂದಳು. ಮಂಡಿ ಸೂಪರ್. ಗಾಡಿ ಸತ್ತು ಬಿದ್ದಿದೆ.

ಶನಿವಾರ ಡಾಕ್ಟರು ‘ಇನ್ನು ಕಾರು ಹೊಡೆಯಬಹುದು’ ಅಂದಾಗಿನಿಂದ ಕಾಯುತ್ತಿದ್ದೆ. ಆಪರೇಷನ್ ಆದ ಮೇಲೆ ಇವತ್ತೇ ಮೊದಲ ಸಲ ಸೀಟಿನಲ್ಲಿ ಕುಳಿತದ್ದು. ಫಿಜಿಯೋದಿಂದ ಬಂದವಳೇ ಚೋಕ್ ಎಳೆದೆ, ಕೀ ತಿರುಗಿಸಿದೆ. ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮತ್ತೆ. ಮತ್ತೆ. ಊಹೂಂ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಜನವರಿ ಇಪ್ಪತ್ತಾರಕ್ಕೆ ನಾದಿನಿಯ ಮಗ ಮಿಲಿಂದ ಸ್ಟಾರ್ಟ್ ಮಾಡಿ ಗೇಟಿನ ತನಕ ಓಡಿಸಿದ್ದ. ಆಗ ಏನೂ ರೋಗ ಇರಲಿಲ್ಲ.

ಬರುವ ಬುಧವಾರ ಆರ್‌ಟಿಎ ಆಫೀಸಿನಲ್ಲಿ ಆರ್‌ಸಿ ನವೀಕರಣಕ್ಕೆ ಸ್ಲಾಟ್. ಗಾಡಿ ತಾನೇ ನಡೆದು ಅಲ್ಲಿಗೆ ಹೋಗಬೇಕು, ಇನ್‌ಸ್ಪೆಕ್ಟರ್ ನೋಡಬೇಕು, ಆಗ ಇನ್ನೈದು ವರ್ಷ ಆಯುಷ್ಯ. ಹೋಗದಿದ್ದರೆ ತಿಂಗಳ ಕೊನೆಗೆ ಆರ್‌ಸಿ ಖಲಾಸ್. ಆಮೇಲೆ ಗುಜರಿ. ಇಲ್ಲವೇ ಅದಕ್ಕಿಂತ ಕೆಟ್ಟದ್ದು — ಮಿಲಿಂದನ ಗೆಳೆಯನ ಕೆಫೆ. ಕೊಂಡಾಪುರದಲ್ಲಂತೆ. ಕಾರನ್ನು ಅರ್ಧಕ್ಕೆ ಕೊಯ್ದು ಕೌಂಟರ್ ಮಾಡುತ್ತಾರಂತೆ. ಬಾನೆಟ್ ಮೇಲೆ ಕಾಫಿ ಕಪ್ ಇಡುತ್ತಾರಂತೆ! ಅವನು ಆ ಮಾತು ತಂದ ದಿನ ಮೈಯೆಲ್ಲ ಉರಿದುಹೋಗಿತ್ತು.

ಫ್ಲ್ಯಾಟು ಇವರ ಹೆಸರಿನಲ್ಲಿ. ಗ್ಯಾಸು ಇವರ ಹೆಸರಿನಲ್ಲಿ. ಕರೆಂಟಿನ ಬಿಲ್ಲೂ ಇವರ ಹೆಸರಿಗೇ ಬರುತ್ತದೆ. ಈ ಲೋಕದಲ್ಲಿ ನನ್ನ ಹೆಸರು ಇರುವುದು ಈ ಹಳೇ ಫಿಯೆಟ್ಟಿನ ಕಾಗದದ ಮೇಲೆ ಮಾತ್ರ.

ಇವರು ಭಾನುವಾರವೇ ಮದುವೆಗೆಂದು ಬೀದರಿಗೆ ಹೋಗಿದ್ದಾರೆ, ಬರುವುದು ನಾಳೆ. ಫೋನ್ ಮಾಡಿದೆ. ‘ಹಳೇ ಗಾಡಿ, ಎಷ್ಟಂತ ಓಡ್ತದ, ಬಿಟ್ಟುಬಿಡು’ ಅಂದರು. ಹಳೇದೆಲ್ಲ ಬಿಡುವುದಾದರೆ ಇವರನ್ನು ಎಲ್ಲಿ ಬಿಡಲಿ?

ಗುರುವಾರ, 6

ಬ್ಯಾಟರಿಯವನು ಬಂದಿದ್ದ. ಬಾನೆಟ್ ಎತ್ತುವ ಮೊದಲೇ ‘ಬ್ಯಾಟರಿ ಗಯಾ ಮೇಡಂ’ ಅಂದ. ಹೊಸದನ್ನು ಸ್ಕೂಟರಿನ ಮೇಲೆ ಇಟ್ಟುಕೊಂಡೇ ಬಂದಿದ್ದಾನೆ! ಅಲ್ಲಪ್ಪಾ, ಬ್ಯಾಟರಿ ಹೋಗಿದ್ದರೆ ಸೆಲ್ಫ್ ಹೇಗೆ ತಿರುಗುತ್ತದೆ, ನಿನ್ನ ಅಜ್ಜ ಬಂದು ತಿರುಗಿಸುತ್ತಾನಾ? ನಾರಾಯಣಗೂಡದ ಕಾಲೇಜಿನಲ್ಲಿ ಜೀವನವಿಡೀ ಫಿಸಿಕ್ಸ್ ಪಾಠ ಮಾಡಿದ್ದೇನೆ. ನನಗೆ ಬ್ಯಾಟರಿ ಕಲಿಸಲು ಬಂದ. ಕಳಿಸಿಬಿಟ್ಟೆ.

ಇವರು ಸಂಜೆ ಬಂದರು. ಕೈಯಲ್ಲಿ ಮದುವೆ ಮನೆಯ ಉಂಡಿ. ಗಾಡಿಯ ಬಗ್ಗೆ ಒಂದು ಮಾತು ಕೇಳಲಿಲ್ಲ.

ಶುಕ್ರವಾರ, 7. ಮಧ್ಯಾಹ್ನ

ಇವತ್ತು ಆ್ಯಪ್‌ನಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆ. ಹೆಗಲಿಗೆ ಲ್ಯಾಪ್‌ಟಾಪ್, ಕೈಯಲ್ಲಿ ವೈರು. ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಎಷ್ಟೋ ಹೊತ್ತು ಹುಡುಕಿದ.

‘ಪೋರ್ಟ್ ಎಕ್ಕಡ ಮೇಡಂ?’

ಸ್ಕ್ಯಾನರ್ ಚುಚ್ಚುವ ತೂತು ಎಲ್ಲಿ ಎಂದು ಕೇಳುತ್ತಾನೆ. ಅಪ್ಪಾ ಮಹಾರಾಯ, ಈ ಗಾಡಿ ಹುಟ್ಟಿದಾಗ ನಿನ್ನ ಅಪ್ಪ ಚಡ್ಡಿ ಹಾಕುತ್ತಿದ್ದ! ಕೊನೆಗೆ ಕಿಡಿ ಹುಟ್ಟಿಸುವ ಕಾಯಿಲಿನ ವೈರು ಕಿತ್ತು ನೋಡಿದ, ಕಿಡಿ ಬಂತು. ‘ಕರೆಂಟ್ ಓಕೆ ಮೇಡಂ, ಎಂಜಿನ್ ವೇಸ್ಟ್’ ಅಂದು ಎದ್ದ. ಹೋಗುವಾಗ ಫೈವ್ ಸ್ಟಾರ್ ಕೊಡಬೇಕಂತೆ. ಕೊಟ್ಟೆ, ಬಾಯಲ್ಲಿ.

ಆಮೇಲೆ ನಾನೇ ಇಳಿದೆ. ಇಷ್ಟು ದಿನ ಯಾಕೆ ಇಳಿಯಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಕಾಯಿಲಿನಲ್ಲಿ ಕಿಡಿ ಇದೆ. ಪ್ಲಗ್ಗಿಗೆ ಬರುತ್ತದಾ? ವಾಚ್‌ಮನ್ ಹೆಂಡತಿ ಸಾಬಮ್ಮನನ್ನು ಕರೆದು ಕೀ ತಿರುಗಿಸಲು ಹೇಳಿದೆ. ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿ, ಎಂಜಿನ್ ಮೇಲಿಟ್ಟು ನೋಡಿದೆ. ಕಿಡಿ ಇಲ್ಲ. ಅಂದರೆ ಕರೆಂಟು ನಡುದಾರಿಯಲ್ಲಿ ಮಾಯ. ನಡುದಾರಿಯಲ್ಲಿ ಇರುವುದು ಡಿಸ್ಟ್ರಿಬ್ಯೂಟರ್ ಒಂದೇ. ಎರಡು ಕ್ಲಿಪ್ ಸರಿಸಿ ಮುಚ್ಚಳ ತೆಗೆದೆ.

ಒಳಗೆ ರೋಟರ್ ಇಲ್ಲ!

ಹೆಬ್ಬೆರಳಷ್ಟು ವಸ್ತು. ತಿರುಗುತ್ತ ತಿರುಗುತ್ತ ಒಂದೊಂದು ಪ್ಲಗ್ಗಿಗೂ ಕರೆಂಟ್ ಹಂಚುವುದು ಅದೇ. ಅದು ಸವೆಯಬಹುದು, ಸೀಳಬಹುದು. ಮುಚ್ಚಳ ಹಾಕಿದ್ದ ಹಾಗೇ ಇರುವಾಗ ಕಾಲು ಬಂದು ನಡೆದುಹೋಗುವುದಿಲ್ಲ. ಯಾರೋ ತೆಗೆದಿದ್ದಾರೆ.

‘ಸಾಬಮ್ಮಾ, ಈ ಗಾಡಿ ಯಾರ ಮುಟ್ಟಿದ್ರು?’

‘ಪರಸೋಂ ನಿಮ್ಮ ಮನಿಯವ್ರು ಬಾನೆಟ್ ಎತ್ತಿ ನಿಂತಿದ್ರಲ್ರಿ ಅಕ್ಕಾರ. ಸಾಫ್ ಮಾಡಾಕತ್ತಾರ ಅನ್ಕೊಂಡೆ.’

ಪರಸೋಂ. ಮೊನ್ನೆ. ಇವತ್ತು ಶುಕ್ರವಾರ, ಹಾಗಾದರೆ ಬುಧವಾರ. ಬುಧವಾರ ಇವರು ಬೀದರಿನಲ್ಲಿ. ನಾನು ಫಿಜಿಯೋ ಹತ್ತಿರ. ಮನೆಯಲ್ಲಿ ಇದ್ದವನು ಒಬ್ಬನೇ — ಮಿಲಿಂದ. ನಾದಿನಿಯ ಮಗ. ಪಟಾನ್‌ಚೆರುವಿನ ಔಷಧಿ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟು, ಹಗಲೆಲ್ಲ ನಮ್ಮ ಮನೆಯಲ್ಲಿ ನಿದ್ದೆ. ಸ್ಲಾಟ್ ತಪ್ಪಿದರೆ ಗಾಡಿ ಕೆಫೆಗೆ ಹೋಗುತ್ತದಲ್ಲ. ಮಾಡಿಟ್ಟ ಅಡಿಗೆ ಉಂಡು, ಹಾಸಿದ ಹಾಸಿಗೆಯಲ್ಲಿ ಮಲಗಿ, ನನ್ನ ಗಾಡಿಯ ಪ್ರಾಣವನ್ನೇ ಕಿತ್ತಿಟ್ಟ!

ಅದೇ ದಿನ. ಸಂಜೆ

ಮೆಟ್ಟಿಲ ಹತ್ತಿರ ಹಿಡಿದೆ. ಶಿಫ್ಟಿಗೆ ಹೊರಟಿದ್ದ.

‘ರೋಟರ್ ಎಲ್ಲಿ ಇಟ್ಟಿ?’

‘ಏನ್ ರೋಟರ್ರಿ ಅತ್ತಿ?’

‘ನಾಟಕ ಮಾಡಬ್ಯಾಡ. ಕೆಫೆ ಮಾತು ತಂದವ ಯಾರು?’

‘ನೀವು ಬ್ಯಾಡ ಅಂದ್ರಿ, ಅವತ್ತೇ ಬಿಟ್ಟೆ. ನಾ ಗಾಡಿ ಮುಟ್ಟಿಲ್ರಿ, ಖರೇನ ಮುಟ್ಟಿಲ್ಲ.’

ಕಳ್ಳ ಅಂದೆ. ಕೆಳಗಿನ ಮನೆಯವರು ಬಾಗಿಲು ತೆಗೆದು ನೋಡುತ್ತಿದ್ದರು, ನೋಡಲಿ ಎಂದು ಇನ್ನೂ ಜೋರಾಗಿ ಅಂದೆ. ಇವರು ಹಿಂದೆ ಪೇಪರ್ ಹಿಡಿದು ನಿಂತಿದ್ದರು. ‘ಹೋಗ್ಲಿ ಬಿಡು... ಹೋಗ್ಲಿ ಬಿಡು...’ ಅಷ್ಟೇ. ತಂಗಿಯ ಮಗ ಎಂದು ಮುಚ್ಚಿಹಾಕುವ ಬುದ್ಧಿ! ಮಿಲಿಂದ ಮಾವನ ಮುಖ ಒಮ್ಮೆ ನೋಡಿದ. ಒಳಗೆ ಹೋಗಿ ಬಟ್ಟೆ ತುಂಬಿಕೊಂಡು ಬಂದ. ಮಿಯಾಪುರದಲ್ಲಿ ಗೆಳೆಯನ ರೂಮಿದೆಯಂತೆ.

ಭಾನುವಾರ, 9

ನಿನ್ನೆ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೆಲ್ಲ ಸುತ್ತಿದೆ. ಈ ಮಾಡೆಲಿನದು ಯಾರ ಹತ್ತಿರವೂ ಇಲ್ಲ. ಒಬ್ಬ ಮುದುಕ ಪುಣೆಯಿಂದ ತರಿಸುತ್ತೇನೆ, ಹತ್ತು ದಿನ ಬೇಕು ಅಂದ. ಸ್ಲಾಟ್ ಬುಧವಾರ. ಹತ್ತು ದಿನವಂತೆ.

ನಾದಿನಿ ಬೀದರಿನಿಂದ ಫೋನ್ ಮಾಡಿ ಅತ್ತಳು. ‘ನನ್ನ ಮಗ ಕಳ್ಳ ಏನ್ರಿ ವೈನಿ?’ ಏನು ಹೇಳಲಿ? ಫೋನ್ ಇವರಿಗೆ ಕೊಟ್ಟೆ. ಬಾಲ್ಕನಿಗೆ ಹೋಗಿ ಬರೀ ಹೂಂ ಹೂಂ ಅಂದರು.

ಆದರೆ ಎರಡು ದಿನದಿಂದ ಇವರು ಭಾಳ ಒಳ್ಳೆಯವರಾಗಿದ್ದಾರೆ. ಚಹಾ ತಾವೇ ಮಾಡುತ್ತಾರೆ. ಪೇರಲ ಹೆಚ್ಚಿ ಉಪ್ಪು ಖಾರ ಹಾಕಿ ಕೊಡುತ್ತಾರೆ. ಮಂಡಿಗೆ ಎಣ್ಣೆ ಹಚ್ಚಲಾ ಅಂತಾರೆ. ನನ್ನ ಸಂಕಟ ನೋಡಿ ಮರುಗಿದ್ದಾರೆ, ಪಾಪ.

ಸೋಮವಾರ, 10. ಬೆಳಿಗ್ಗೆ

ಪಾಪವಂತೆ ಪಾಪ!

ಸಾವಕಾಶ ಬರೆಯುತ್ತೇನೆ.

ಮಂಡಿಯ ಕಾರಣಕ್ಕೆ ದೇವರ ಜಗಲಿಯ ಪೂಜೆ ಈಗ ಇವರದೇ. ನಾನು ನಿಂತು ಕೈ ಮುಗಿಯುತ್ತೇನೆ, ಅಷ್ಟೇ. ಇವತ್ತು ಸೋಮವಾರ, ಇವರು ಸ್ನಾನಕ್ಕೆ ಹೋಗಿದ್ದರು, ನಾನೇ ಒರೆಸೋಣ ಎಂದು ಸ್ಟೂಲ್ ಎಳೆದು ಕುಳಿತೆ. ವಿಭೂತಿ ಡಬ್ಬಿ ಎತ್ತಿದೆ. ಹಿಂದೆ ಕರವಸ್ತ್ರದ ಗಂಟು. ಬಿಚ್ಚಿದೆ. ರೋಟರ್!

ದಿನಾ ಅದೇ ಜಗಲಿಯ ಮುಂದೆ ನಿಂತು ‘ಅಪ್ಪಾ ಬಸವಣ್ಣಾ, ಗಾಡಿ ಸ್ಟಾರ್ಟ್ ಆಗಲಿ’ ಎಂದು ಬೇಡಿಕೊಂಡಿದ್ದೇನೆ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಬಸವಣ್ಣ ಒಳಗೊಳಗೇ ಎಷ್ಟು ನಕ್ಕನೋ.

ಕೆಳಗಿಳಿದು ಸಾಬಮ್ಮನನ್ನು ಕೇಳಿದೆ. ಬಾನೆಟ್ ಎತ್ತಿದ್ದು ಯಾರು, ಯಾವ ದಿನ?

‘ಅಂಕಲ್ಲಽ ರಿ. ಬೀದರಕ್ಕ ಹೋಗೂದರ ಹಿಂದಿನ ದಿನ, ಶನಿವಾರ ಸಂಜಿಕ. ನಾ ಹೇಳಿದ್ನಲ್ರಿ, ನಿಮ್ಮ ಮನಿಯವ್ರು ಅಂತ. ಮನಿಯವ್ರು ಅಂದ್ರ ಮತ್ಯಾರಿಗಿ ಅಂತಾರ ಅಕ್ಕಾರ?’

ಹೌದಲ್ಲ. ಗಂಡನಿಗಲ್ಲದೆ ಮತ್ತ್ಯಾರಿಗೆ? ಹುಟ್ಟಿದಾಗಿನಿಂದ ಕನ್ನಡ ಆಡುವವಳು ನಾನು, ‘ಮನೆಯವರು’ ಎಂದರೆ ಮನೆಯಲ್ಲಿ ಇರುವವರು ಎಂದುಕೊಂಡೆ! ಇನ್ನು ಪರಸೋಂ. ಈ ಊರಿನಲ್ಲಿ ಪರಸೋಂ ಎಂದರೆ ಮೊನ್ನೆಯೂ ಹೌದು, ಹೋದ ತಿಂಗಳೂ ಹೌದು, ನಿಜಾಮರ ಕಾಲವೂ ಹೌದು. ಗೊತ್ತಿಲ್ಲದ ಮಾತೇ? ಹುಡುಗನ ಮೇಲೆ ಕಣ್ಣಿತ್ತು, ಕಿವಿ ತನಗೆ ಬೇಕಾದ್ದು ಕೇಳಿಸಿಕೊಂಡಿತು.

ಇವರು ಪೇಪರ್ ಓದುತ್ತಿದ್ದರು. ಪೇಪರಿನ ಮೇಲೆ ರೋಟರ್ ಇಟ್ಟೆ. ಮುಖದ ಬಣ್ಣ ಹೋಯಿತು.

‘ನನಗ ಅಂಜಿಕಿ ಬಂತು’ ಅಂದರು.

‘ಅಂಜಿಕಿ ಬಂದ್ರ ಹೇಳಾಕ ಬಾಯಿ ಇದ್ದಿಲ್ಲೇನ್ರಿ?’

‘ಬ್ಯಾಡ ಅಂದ್ರ ನೀ ಕೇಳ್ತಿದ್ದೇನು?’

‘ಕೇಳ್ತಿದ್ದಿಲ್ಲ. ಅದು ಬ್ಯಾರೆ ಮಾತು. ಹೇಳಬೇಕಿತ್ತು.’

ಕನ್ನಡಕ ತೆಗೆದು ಪೇಪರಿನ ಮೇಲಿಟ್ಟರು. ‘ನಡು ರೋಡಿನ್ಯಾಗ ಆ ಮಂಡಿ ಹಿಡಕೊಂಡ್ರ? ನಿನಗ ಏನರ ಆದ್ರ ಗಾಡಿ ಹೊಡದು ದವಾಖಾನಿಗೆ ಒಯ್ಯಾಕ ನನಗ ಬರಂಗಿಲ್ಲ.’

‘ಕಲೀರಿ ಅಂತ ಮದುವಿ ಆದಾಗಿಂದ ಬಡ್ಕೊಂಡೀನಿ!’

ಈ ಕಳ್ಳತನವನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತರಂತೆ. ಮೂವತ್ತು ವರ್ಷದಲ್ಲಿ ಗಾಡಿ ಹೊಡೆಯಲು ಕಲಿಯದವರು, ನಿಲ್ಲಿಸುವುದನ್ನು ಮಾತ್ರ ಒಂದೇ ಸಂಜೆಗೆ ಕಲಿತರು!

‘ಆ ಹುಡುಗನ್ನ ಕಳ್ಳ ಅಂದಾಗರ ಬಾಯಿ ಬಿಡಬೇಕಿತ್ತಲ್ರಿ?’

‘ಆವಾಗ ಇನ್ನೂ ಭಾಳ ಅಂಜಿಕಿ ಬಂತು.’

‘ಯಾರದು?’

‘ನಿಂದು.’

ನಗು ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿದೆ, ನಗುವುದೆಂಥದು? ಗಾಡಿ ಕೆಟ್ಟಿತೆಂದು ನನ್ನನ್ನು ನಂಬಿಸಿದ್ದಲ್ಲ, ನನ್ನ ಮುಖ ನೋಡಿ ‘ಬೇಡ’ ಎನ್ನದೆ ಹೋದದ್ದು — ಅದು ಅವಮಾನ. ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡವಳ ಹತ್ತಿರ ಜಗಳ ಆಡಲೂ ಧೈರ್ಯವಿಲ್ಲವೇ? ಜಗಳಕ್ಕೂ ನಾನು ಲಾಯಕ್ಕಿಲ್ಲವೇ?

ಮಂಗಳವಾರ, 11

ರೋಟರ್ ಹಾಕಿದೆ. ಒಂದೇ ಏಟಿಗೆ ಹಿಡಿಯಿತು. ಸಾಬಮ್ಮ ಚಪ್ಪಾಳೆ ತಟ್ಟಿದಳು. ಇವರು ಬಾಲ್ಕನಿಯಿಂದ ನೋಡುತ್ತಿದ್ದರು. ನಿನ್ನೆಯಿಂದ ಮಾತಾಡಿಸಿಲ್ಲ, ಇವತ್ತು ಒಂದೇ ಮಾತು ಹೇಳಿದೆ — ‘ಮಿಲಿಂದಗ ಫೋನ್ ಹಚ್ಚಿ ನೀವೇ ಹೇಳ್ರಿ. ನಾ ಕೇಳಬೇಕು.’

ಹೇಳಿದರು. ತೊದಲುತ್ತ, ಕೆಮ್ಮುತ್ತ, ಎಲ್ಲ ಹೇಳಿದರು. ಆಮೇಲೆ ನಾನು ಫೋನ್ ತೆಗೆದುಕೊಂಡು ತಪ್ಪಾಯಿತಪ್ಪಾ ಅಂದೆ.

‘ನೀವು ಬೈದದ್ದಕ್ಕ ಏನಿಲ್ರಿ ಅತ್ತಿ. ನೀವು ಎಲ್ಲಾರಿಗೂ ಬೈತೀರಿ. ಮಾಮಾ ಗೊತ್ತಿದ್ದೂ ಸುಮ್ಮ ನಿಂತ್ರಲ್ಲ...’

ಮನೆಗೆ ಬಾ ಅಂದೆ. ನೋಡೋಣ್ರಿ ಅಂದ. ಸ್ಪೀಕರ್ ಮೇಲಿತ್ತು. ಇವರು ಕೇಳಿಸಿಕೊಂಡರು.

ಬುಧವಾರ, 12. ಆರ್‌ಟಿಎ ಮೈದಾನ

ಗಾಡಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಮುಂದೆ ಇನ್ನೆರಡು ಗಾಡಿ ಇವೆ.

ಮಂಡಿಗೆ ಏನೂ ಆಗಲಿಲ್ಲ. ಕ್ಲಚ್ ಗಟ್ಟಿ, ಆದರೆ ನಾನೂ ಗಟ್ಟಿ. ಇವರು ಕರೆಯದಿದ್ದರೂ ಬಂದು ಪಕ್ಕದಲ್ಲಿ ಕುಳಿತರು. ಪ್ರತಿ ಸಿಗ್ನಲ್ಲಿಗೂ ನನ್ನ ಮಂಡಿ ನೋಡುತ್ತಿದ್ದರು.

ಇಲ್ಲಿ ಕಾಗದ ಹಿಡಿದು ಇಳಿದು ನಿಂತರು. ಸಾಲಿನ ಗಾಡಿಗಳನ್ನು ನೋಡುತ್ತ ಇನ್‌ಸ್ಪೆಕ್ಟರ್ ಬಂದ. ಸ್ಟೀರಿಂಗ್ ಹಿಡಿದು ಕುಳಿತ ನನ್ನ ಕಡೆ ಕಣ್ಣೂ ಹಾಯಿಸದೆ ಇವರಿಗೆ ಹೇಳಿದ, ‘ಸಾರ್, ಆ ಅಮ್ಮನನ್ನು ಇಳಿಸಿ, ಸರದಿ ಬಂದಾಗ ನೀವು ಕುಳಿತು ಒಂದು ರೌಂಡ್ ಹೊಡೆದು ತೋರಿಸಿ.’ ಮೈ ಉರಿಯಿತು. ಬಾಗಿಲು ತೆಗೆದು ಇಳಿಯಬೇಕು, ಬೈಯಬೇಕು, ಅಷ್ಟರಲ್ಲಿ ಇವರೇ ಬಾಯಿ ಬಿಟ್ಟರು. ತೆಲುಗಿನಲ್ಲಿ, ಸುತ್ತಲಿನವರಿಗೆಲ್ಲ ಕೇಳುವಷ್ಟು ಜೋರಾಗಿ:

‘ನನಗೆ ಬರುವುದಿಲ್ಲ ಸಾರ್. ಇವಳಿಗೆ ಬರುತ್ತದೆ. ಗಾಡಿ ಇವಳದು, ಹೆಸರು ನೋಡಿ. ಮೂವತ್ತು ವರ್ಷದಿಂದ ಇವಳೇ ಹೊಡೆಯುತ್ತಾಳೆ, ನಾನು ಪಕ್ಕದಲ್ಲಿ ಕೂಡುತ್ತೇನೆ. ಒಮ್ಮೆಯೂ ಅಂಜಿಕೆ ಆಗಿಲ್ಲ.’

ಆಗಿಲ್ಲವಂತೆ! ಸುಳ್ಳ.

ನನ್ನೆದುರು ಒಂದು ದಿನ ಹೇಳಿದ ಮಾತಲ್ಲ ಇದು. ಹೇಳಿದ್ದು ಯಾರಿಗೆ? ಗುರುತು ಪರಿಚಯವಿಲ್ಲದ ಇನ್‌ಸ್ಪೆಕ್ಟರಿಗೆ. ಅದೂ ತೆಲುಗಿನಲ್ಲಿ! ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ ಇಷ್ಟಕ್ಕೆಲ್ಲ. ಮನೆಗೆ ಹೋಗಲಿ. ಮಿಯಾಪುರಕ್ಕೆ ಇವರೇ ಹೋಗಿ ಹುಡುಗನನ್ನು ಕರೆದುಕೊಂಡು ಬರಲಿ. ಆಮೇಲೆ ನನ್ನ ಮುಂದೆ ಕುಳಿತು ಇದೇ ಮಾತನ್ನು ಕನ್ನಡದಲ್ಲಿ ಹೇಳಲಿ, ಆಗ ಬೇಕಾದರೆ ನಾನೂ —

ನಮ್ಮ ಸರದಿ ಬಂತು, ಕೂಗಿದರು. ಈ ಸಲ ‘ಅಮ್ಮಾ’ ಎಂದು. ಇವರು ಓಡಿ ಬಂದು ಎಡಗಡೆ ಕುಳಿತರು. ಎರಡೂ ಕೈ ಮಡಿಲಲ್ಲಿ. ‘ನಡಿ’ ಅಂದರು. ನನಗೆ ಹೇಳಬೇಕೇ? ಡೈರಿ ಮುಚ್ಚಿ ಕೀ ತಿರುಗಿಸುತ್ತೇನೆ.