ಕಣದ ಮರ್ಯಾದೆ

ಸುಕನ್ಯಳ ಅಪ್ಪನವರಿಗೆ,

ಬಂಗಾರಪೇಟೆಯಲ್ಲಿ ಕಾಮಸಮುದ್ರದ ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಮಗಳು ಟೆನ್‌ಪಿನ್ ಬೌಲಿಂಗ್‌ನಲ್ಲಿ ಏಳನೆಯ ಸಲ ಚಾಂಪಿಯನ್ ಆದಳು. ನಾನು ಇವತ್ತೇ ಮೊದಲು ನೋಡಿದ್ದು. "ಚೆಂಡು ಉಳ್ಳಿಸಿ ಹತ್ತು ಗೂಟ ಬೀಳ್ಸೋದೂ ಒಂದು ಕೆಲ್ಸಾನಾ? ಓಗಿ ಎಮ್ಮೆ ಆಲು ಕರಿ" ಅನ್ನುತ್ತಿದ್ದಿರಿ.

ಚೆಂಡು ಉರುಳಿಸುವ ಅಲ್ಲಿನ ಮರದ ನೆಲ ಸಗಣಿ ಸಾರಿಸಿದ ನಮ್ಮ ರಾಗಿ ಕಣದಷ್ಟು ನುಣುಪು. ಆಟಕ್ಕೆ ಮೊದಲು ಅವಳು ಬೂಟು ಕಳಚಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಮತ್ತೆ ಬೂಟು ಹಾಕಿಕೊಂಡಳು. ಚಿಕ್ಕವಳಿದ್ದಾಗ ಚಪ್ಪಲಿ ಮೆಟ್ಟಿ ಕಣ ತುಳಿದಳೆಂದು ನೀವು ಹೊಡೆದಿದ್ದಿರಲ್ಲ.

ಕಪ್ ಕೊಟ್ಟವರು ಗುರು ಯಾರೆಂದು ಕೇಳಿದರು.

"ನಮ್ಮಪ್ಪ. ಈಗಿಲ್ಲ" ಅಂದಳು.

"ಇದ್ದಾಗ ಆಟ ನೋಡೋಕೆ ಬರ್ತಿದ್ರಾ?"

ಅವಳು ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ನಾನೇ ಹೇಳಿಬಿಟ್ಟೆ: "ಒಂದಾಟಾನೂ ತಪ್ಪಿಸ್ತಿರ್ಲಿಲ್ಲ ಸ್ವಾಮಿ."