ಮೂಗರ್ಜಿಯ ಹೆಸರನ್ನು ನೆನಪಿಟ್ಟುಕೊಂಡ ಯಂತ್ರದ ಕುರಿತು

ನನ್ನ ಅಂಗಡಿಯ ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಕಂಪನಿಯ ಕುಂದುಕೊರತೆ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ತಂತ್ರಾಂಶ ನನ್ನ ಕಂಪ್ಯೂಟರಿನ ಪರದೆಯನ್ನು ಸದ್ದಿಲ್ಲದೆ ಫೋಟೋ ತೆಗೆದಿಟ್ಟುಕೊಂಡು, ಯಾರ ಮುಂದೆ ತೋರಿಸಬಾರದಿತ್ತೋ ಅವರ ಮುಂದೆಯೇ ತೆರೆದು ತೋರಿಸಿತು. ಅದರಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು. ಚಾಡಿ ಹೇಳಿದವನು ನಾನೇ ಎಂದು ಅವಳು ಇವತ್ತಿಗೂ ನಂಬಿದ್ದಾಳೆ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಜಾಲತಾಣದಲ್ಲಿ ನಾಲ್ಕು ಸಲ ಬರೆದು ಹಾಕಿದೆ. ಮೊದಲ ಮೂರು ಸಲವೂ ಅರ್ಧ ನಿಮಿಷದೊಳಗೆ ಉತ್ತರ ಬಂತು: ‘ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ.’ ಅರ್ಧ ನಿಮಿಷದಲ್ಲಿ ದೂರು ಓದಿ, ಮರುಗಿ, ವಿಚಾರಣೆ ನಡೆಸಿ, ಉತ್ತರವನ್ನೂ ಬರೆಯುವ ಅಧಿಕಾರಿಯನ್ನು ನಮ್ಮ ತಾಲೂಕು ಈವರೆಗೆ ಕಂಡಿಲ್ಲ. ಅಷ್ಟು ಚುರುಕಾದವರಿಗೆ ಈ ಪತ್ರ ಓದುವುದೇನೂ ಕಷ್ಟವಾಗಲಾರದು.

ನಾನು ಬೈಲಹೊಂಗಲದ ತಹಶೀಲ್ದಾರ ಕಚೇರಿಯ ಎದುರು ಮೂವತ್ತೆಂಟು ವರ್ಷದಿಂದ ಅರ್ಜಿ ಟೈಪ್ ಮಾಡುತ್ತಿರುವವನು. ವಾರಸಾ ಅರ್ಜಿ, ಪಿಂಚಣಿ ಅರ್ಜಿ, ರಸ್ತೆ ಅರ್ಜಿಗಳ ಜೊತೆಗೆ ಮೂಗರ್ಜಿಯನ್ನೂ ಟೈಪ್ ಮಾಡುತ್ತೇನೆ. ಮೂಗರ್ಜಿ ಎಂದರೆ ಹೆಸರು, ಸಹಿ ಏನೂ ಇಲ್ಲದ ದೂರು. ಅದು ಪುಕ್ಕಲರ ಕೆಲಸ ಎಂದು ನೀವು ನಗಬಹುದು. ದೊಡ್ಡವರ ಮೇಲೆ ದೂರು ಕೊಟ್ಟು, ಮರುದಿನ ಅದೇ ಊರಿನ ನಳಕ್ಕೆ ಕೊಡ ಹಿಡಿದು ಹೋಗಬೇಕಾದವರಿಗೆ ಬೇರೆ ದಾರಿ ಯಾವುದಿದೆ ಹೇಳಿ. ನನಗೆ ಕೆಲಸ ಕಲಿಸಿದ ಜಟ್ಟೆಪ್ಪ ಮಾಸ್ತರರು ಇದಕ್ಕೆಂದೇ ಒಂದು ಕಟ್ಟಳೆ ಹಾಕಿಕೊಟ್ಟಿದ್ದರು. ಬೈಲಹೊಂಗಲದಲ್ಲಿ ಟೈಪಾದ ಮೂಗರ್ಜಿ ಕಿತ್ತೂರಿನ ಅಂಚೆ ಡಬ್ಬಿಗೆ ಬೀಳಬೇಕು. ಸವದತ್ತಿಯವರದ್ದಾದರೆ ರಾಮದುರ್ಗದ ಡಬ್ಬಿಗೆ. ಅಂಚೆ ಮುದ್ರೆ ನೋಡಿ ಯಾರೂ ಊರು ಹಿಡಿಯಬಾರದು. ಪಕ್ಷಗಾರರು ಹೇಳಿದ್ದನ್ನು ಮೊದಲು ಹೆಸರು ಸಮೇತ ಕಚ್ಚಾ ಬರೆದುಕೊಳ್ಳಬೇಕು, ಏಕೆಂದರೆ ‘ನಾನು ಇಂಥವಳು, ಇಂಥವರ ಮಗಳು’ ಎನ್ನದೆ ನಮ್ಮ ಜನಕ್ಕೆ ಮಾತೇ ಶುರುವಾಗುವುದಿಲ್ಲ. ಆಮೇಲೆ ಹೆಸರಿನ ಸುಳಿವೆಲ್ಲ ತೆಗೆದು ಟೈಪ್ ಮಾಡಬೇಕು. ಪ್ರತಿ ಮೂಗರ್ಜಿಗೂ ಹೊಸ ಕಾರ್ಬನ್ ಹಾಳೆ. ಒಂದೇ ಸಲ ಬಳಸಿದ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಅಕ್ಷರ ಬಿಡದೆ ಓದಬಹುದು. ಹಾಗಾಗಿ ಕಚ್ಚಾ ಹಾಳೆ, ಕಾರ್ಬನ್ ಎರಡನ್ನೂ ಪಕ್ಷಗಾರರ ಕೈಗೇ ಕೊಡಬೇಕು. “ಅರ್ಜಿ ಸಾಹೇಬ್ರಿಗೆ, ಕಾರ್ಬನ್ ಒಲಿಗೆ,” ಎನ್ನುತ್ತಿದ್ದರು ಮಾಸ್ತರರು. “ಹೊಟ್ಟ್ಯಾಗ ಇಟ್ಕೊಳ್ಳಾಕ ಆಗದವ ಈ ಕುರ್ಚಿ ಮ್ಯಾಲ ಕುಂಡ್ರಬಾರ್ದು.”

ಕಂಪ್ಯೂಟರ್ ಬಂತು, ಕಾರ್ಬನ್ ಹೋಯಿತು. ಕಟ್ಟಳೆಯನ್ನು ಮಾತ್ರ ನಾನು ಬಿಡಲಿಲ್ಲ. ಕಚ್ಚಾ ಬರೆಯುವ ಬದಲು ನೇರವಾಗಿ ಪರದೆಯ ಮೇಲೆಯೇ ಹೆಸರು ಸಮೇತ ಹೊಡೆದುಕೊಂಡು, ಆಮೇಲೆ ಹೆಸರು ತೆಗೆದು, ಪ್ರತಿ ಕೈಗಿಟ್ಟು, ಅವರ ಕಣ್ಣೆದುರೇ ಕಡತ ಅಳಿಸುತ್ತಿದ್ದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, “ನೋಡವಾ, ಒಲಿಗೆ ಹಾಕಿದಂಗ ಆತು,” ಎನ್ನುತ್ತಿದ್ದೆ. ಹಾಗೆಂದೇ ನಾನೂ ನಂಬಿದ್ದೆ.

ಹೋದ ವರ್ಷ ಹಳೆಯ ಯಂತ್ರ ಕೆಟ್ಟಿತು, ಹೊಸದು ತಂದೆ. ದುರಸ್ತಿಯ ಮಾಂತೇಶ ಬಂದು ಜೋಡಿಸಿಕೊಟ್ಟ. ಪರದೆಯ ಮೇಲೆ ಒಂದರ ಹಿಂದೊಂದು ಇಂಗ್ಲಿಷ್ ಪ್ರಶ್ನೆಗಳು ಬಂದವು.

“ಏನ ಕೇಳಾಕತ್ತೈತೋ ಇದು?” ಎಂದೆ.

“ಎಲ್ಲಾದಕ್ಕೂ ಹೂಂ ಅಂದಬಿಡ್ರಿ ಕಾಕಾ. ಹೂಂ ಅನ್ನಲಿಲ್ಲಂದ್ರ ಮುಂದಕ್ಕ ಹೋಗೂದಿಲ್ಲ ಇದು.”

ಹೂಂ ಅಂದೆ. ಒಂದು ಪ್ರಶ್ನೆಗಂತೂ ಎರಡೇ ಉತ್ತರ ಇಟ್ಟಿದ್ದಿರಿ: ‘ಹೂಂ’, ‘ಆಮೇಲೆ ಕೇಳು’. ಹೆಣ್ಣು ನೋಡಲು ಬಂದ ಬೀಗರಿಗೂ ‘ಬ್ಯಾಡ್ರಿ’ ಎನ್ನುವ ಅವಕಾಶ ನಮ್ಮಲ್ಲಿದೆ. ನಿಮ್ಮಲ್ಲಿ ಅದಕ್ಕೊಂದು ಗುಂಡಿ ಮಾಡಲು ಜಾಗ ಸಾಲಲಿಲ್ಲವೇ? ಹೆಬ್ಬೆಟ್ಟು ಒತ್ತುವವರು ಬಂದರೆ ಪೂರ್ತಿ ಓದಿ ಹೇಳಿ, ‘ಓದಿ ಕೇಳಿಸಲಾಗಿದೆ, ತಿಳಿದು ಒಪ್ಪಿರುತ್ತಾರೆ’ ಎಂದು ಷರಾ ಬರೆಯದೆ ನಾನು ಒಂದು ಹಾಳೆಯನ್ನೂ ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ. ನಿಮ್ಮ ಒಪ್ಪಂದವನ್ನು ನನಗೆ ಯಾರು ಓದಿ ಕೇಳಿಸಿದರು? ಮೂವತ್ತೆಂಟು ವರ್ಷ ಪರರ ಹೆಬ್ಬೆಟ್ಟು ಕಾಯ್ದವನಿಂದ ನೀವು ಒಂದೇ ಮಧ್ಯಾಹ್ನ ಹನ್ನೊಂದು ಹೆಬ್ಬೆಟ್ಟು ಒತ್ತಿಸಿಕೊಂಡಿರಿ. ಅದರಲ್ಲಿ ಒಂದು, ಕೆಲವು ಕ್ಷಣಕ್ಕೊಮ್ಮೆ ಪರದೆಯ ಫೋಟೋ ತೆಗೆದಿಡುವುದಕ್ಕೆ. ನಾವು ಮರೆತದ್ದನ್ನು ಹುಡುಕಿಕೊಡಲಿಕ್ಕಂತೆ. ಮರೆಯುವುದೇ ನನ್ನ ಕಸುಬು ಎಂದು ನಿಮಗೆ ಯಾರು ಹೇಳಬೇಕು?

ಜೂನ್‌ನಲ್ಲಿ ಕರೆವ್ವ ಬಂದಳು. ಇದು ಅವಳ ನಿಜವಾದ ಹೆಸರಲ್ಲ, ಊರನ್ನಂತೂ ಹೇಳುವುದೇ ಇಲ್ಲ. ಹದಿನಾಲ್ಕು ವರ್ಷದಿಂದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬೇಳೆ, ಎಣ್ಣೆ ಪಾಕೀಟುಗಳು ಶಾಲೆಯ ಕೋಣೆಯಿಂದ ಬೇರೆ ಮನೆಗೆ ಹೋಗುತ್ತಿವೆ ಎಂಬುದು ಅವಳ ದೂರು. ಆ ಕೋಣೆಯ ಕೀಲಿ ಇದ್ದದ್ದು ಶಾಲೆಯ ಒಬ್ಬ ಮಾಸ್ತರರ ಕೈಯಲ್ಲಿ.

“ಸೌಟ ಆಡಿಸಿ ಬ್ಯಾಳಿ ಹುಡುಕಬೇಕ್ರಿ ಕಾಕಾ. ಬಡಸಾಕತ್ತಾಗ ಹುಡುಗೂರು ನನ್ನ ಮಾರಿ ನೋಡತಾವ. ಅವುಕ್ಕ ನಾನಽ ಕಳ್ಳಿ ಅನಸತೈತಿ,” ಎಂದಳು.

ಎಂದಿನಂತೆ ಹೊಡೆದೆ. ಅವಳ ಹೆಸರು ಪರದೆಯ ಮೇಲೆ ಇದ್ದದ್ದು ಹತ್ತು ನಿಮಿಷ. ತೆಗೆದೆ, ಅಳಿಸಿದೆ, ಒಲೆಗೆ ಹಾಕಿದಂತಾಯಿತು ಎಂದೆ. ಅವಳು ನಕ್ಕು, ಕಿತ್ತೂರಿನ ಬಸ್ಸು ಹತ್ತಿದಳು.

ಎರಡು ವಾರದ ಮೇಲೆ ಕೀಲಿಯ ಅದೇ ಮಾಸ್ತರರು ತಿಂಗಳ ಬಿಸಿಯೂಟದ ಲೆಕ್ಕದ ತಖ್ತೆ ಮಾಡಿಸಲು ಬಂದರು. ಊರಿಗೆಲ್ಲ ಕಚೇರಿ ಎದುರಿನ ಅಂಗಡಿ ಇದೊಂದೇ. ದೂರು ಕೊಡುವವರೂ ಇಲ್ಲಿಗೇ, ದೂರಿಗೆ ಒಳಗಾದವರೂ ಇಲ್ಲಿಗೇ. ಅವರ ಹಿಂದಿನ ತಿಂಗಳ ತಖ್ತೆ ಹುಡುಕಲು ‘ಬಿಸಿಯೂಟ’ ಎಂದು ಹೊಡೆದೆ. ನಿಮ್ಮ ಯಂತ್ರ ತಖ್ತೆಯನ್ನು ತೋರಿಸಲಿಲ್ಲ. ಪರದೆಯ ತುಂಬ ಕರೆವ್ವನ ಕಚ್ಚಾ ಅರ್ಜಿಯ ಫೋಟೋ ತಂದು ನಿಲ್ಲಿಸಿತು. ಮೊದಲ ಸಾಲಿನಲ್ಲೇ ಅವಳ ಹೆಸರು. ಅದನ್ನು ಮುಚ್ಚುವ ಗುಂಡಿ ಹುಡುಕತೊಡಗಿದೆ. ಮಾಸ್ತರರು ಪರದೆ ನೋಡಿದರು, ನನ್ನನ್ನು ನೋಡಿದರು.

“ಇರ್ಲಿ ಬಿಡ್ರಿ. ನನ್ನ ಕೆಲಸ ಮುಗಸ್ರಿ,” ಎಂದರು. ಅಷ್ಟೇ.

ಅವರು ಹೊರಟ ಕೂಡಲೇ ಮಾಂತೇಶನನ್ನು ಕರೆಸಿ, ಆ ಫೋಟೋ ಮಾತ್ರವಲ್ಲ, ಎಲ್ಲ ಫೋಟೋಗಳನ್ನೂ ಬುಡಸಮೇತ ಅಳಿಸಿ ಹಾಕಿಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಬುದ್ಧಿವಂತಿಕೆ. ಜಟ್ಟೆಪ್ಪ ಮಾಸ್ತರರ ಶಿಷ್ಯನಿಗೆ ಕಾರ್ಬನ್ ಕಂಡರೆ ಸುಡುವುದೊಂದೇ ಗೊತ್ತು. ಸುಟ್ಟದ್ದು ನನ್ನ ಸಾಕ್ಷಿಯನ್ನೇ ಎಂದು ಹೊಳೆದದ್ದು ನಾಲ್ಕು ದಿನದ ಮೇಲೆ, ಕರೆವ್ವ ಅಂಗಡಿಯ ಮುಂದೆ ಬಂದು ನಿಂತಾಗ. ‘ನಾಳಿಂದ ಬರಬ್ಯಾಡ’ ಎಂದು ಬಾಯಿಮಾತಿನಲ್ಲೇ ಹೇಳಿ ಅವಳನ್ನು ಬಿಡಿಸಿದ್ದರು. ಕುಂದ್ರವಾ ಎಂದರೂ ಕೂರಲಿಲ್ಲ.

“ನನಗ ಗೊತ್ತಿತ್ತು, ನಿಮಗ ಗೊತ್ತಿತ್ತು. ಮೂರನೇದವರು ಯಾರಿದ್ರು ಕಾಕಾ?”

“ಮಷೀನ ಇತ್ತವಾ. ಅದು ಫೋಟೋ ತಗದಿತ್ತು.”

“ತೋರಸ್ರಿ ಹಂಗಾರ.”

“ಅಳಿಸೇನಿ.”

“ಮಷೀನ ಹೆಸರ ಹೇಳತೈತೇನ್ರಿ? ಇಷ್ಟ ವಯಸ್ಸಾಗಿ ಸುಳ್ಳ ಹೇಳಬ್ಯಾಡ್ರಿ,” ಎಂದು ಹೊರಟಳು. ಅವಳು ಬೈದಿದ್ದರೆ ಸಹಿಸುತ್ತಿದ್ದೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಅದು ನನ್ನನ್ನು ಕೊಲ್ಲುತ್ತಿದೆ.

ನಾಲ್ಕನೆಯ ದೂರಿಗೆ ನಿಮ್ಮಿಂದ ಮನುಷ್ಯರು ಬರೆದಂತೆ ಕಾಣುವ ಉತ್ತರ ಬಂತು. ಚಿತ್ರಗಳೆಲ್ಲ ಗ್ರಾಹಕರ ಯಂತ್ರದಲ್ಲೇ ಭದ್ರವಾಗಿರುತ್ತವೆ, ನಮ್ಮ ಬಳಿ ಒಂದು ಪ್ರತಿಯೂ ಬರುವುದಿಲ್ಲ, ನಿಶ್ಚಿಂತರಾಗಿರಿ ಎಂದಿರಿ. ಮಾನ್ಯರೇ, ಕರೆವ್ವನ ಅರ್ಜಿ ಸಮುದ್ರದಾಚೆ ನಿಮ್ಮ ದೇಶಕ್ಕೆ ಹೋಗಿದ್ದರೆ ಅವಳ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಮೂರು ಅಡಿ ಆಚೆ ಸ್ಟೂಲಿನ ಮೇಲೆ ಕುಳಿತಿದ್ದ ಒಬ್ಬರಿಗೆ ಅದು ಹೋಗಬಾರದಿತ್ತು. ಬಡವರ ಗುಟ್ಟು ಯಾವಾಗಲೂ ಆ ಮೂರಡಿಯಲ್ಲೇ ಬಯಲಾಗುವುದು. ನೀವು ಬೀಗ ಹಾಕಿದ್ದು ಸಮುದ್ರಕ್ಕೆ. ಇನ್ನೊಂದು ಮಾತು. ಫೋಟೋ ತೆಗೆಯುವ ಆ ಸೌಲಭ್ಯವನ್ನು ದೀಪದಂತೆ ಆರಿಸಿಟ್ಟಿದ್ದೆ. ಹೋದ ತಿಂಗಳು ನಿಮ್ಮ ತಂತ್ರಾಂಶ ತಾನಾಗಿಯೇ ಹೊಸದಾಯಿತು; ಮರುದಿನ ನೋಡಿದರೆ ಅದು ಮತ್ತೆ ಉರಿಯುತ್ತಿತ್ತು. ಹೂಂ ಅಂದದ್ದನ್ನು ನೆನಪಿಡುವ ಯಂತ್ರಕ್ಕೆ ಬೇಡ ಅಂದದ್ದು ಮಾತ್ರ ಹೇಗೆ ಮರೆತುಹೋಗುತ್ತದೆ?

ತಪ್ಪೆಲ್ಲ ನಿಮ್ಮದೇ ಎನ್ನಲಾರೆ. ಓದದೆ ಹೂಂ ಅಂದವನು ನಾನು, ಕಚ್ಚಾ ಪ್ರತಿಯನ್ನು ಪರದೆಗೆ ಏರಿಸಿದವನೂ ನಾನು. ಈಗ ಮೂಗರ್ಜಿಗೆ ಯಾರೂ ನನ್ನ ಹತ್ತಿರ ಬರುವುದಿಲ್ಲ, ಬರದಿರುವುದೇ ಲೇಸು. ನನ್ನ ಬೇಡಿಕೆ ಒಂದೇ: ಕರೆವ್ವನಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ. ಫೋಟೋ ತೆಗೆದದ್ದು ನಮ್ಮ ಯಂತ್ರ, ತೋರಿಸಿದ್ದೂ ನಮ್ಮ ಯಂತ್ರ, ಟೈಪಿಸ್ಟ್ ಬಾಯಿ ಬಿಟ್ಟಿಲ್ಲ ಎಂದು. ಕೆಳಗೆ ಒಬ್ಬ ಮನುಷ್ಯನ ಸಹಿ ಇರಲಿ. ಜೊತೆಗೆ ಆ ಫೋಟೋ. ಪ್ರತಿ ಇಲ್ಲ ಎಂದು ಬರೆದುಕೊಟ್ಟಿದ್ದೀರಿ, ಗೊತ್ತು. ಜೀವಮಾನವೆಲ್ಲ ಕಾರ್ಬನ್ ಸುಟ್ಟವನು ಈಗ ದಿನಾಲೂ ದೇವರ ಮುಂದೆ ನಿಂತು, ನೀವು ಹೇಳಿದ್ದು ಸುಳ್ಳಾಗಿರಲಿ, ಎಲ್ಲೋ ಒಂದು ಪ್ರತಿ ಉಳಿದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಇಂತಿ,
ಎಲ್ಲಾದಕ್ಕೂ ಹೂಂ ಅಂದವನು,
ಶ್ರೀಶೈಲ, ಅರ್ಜಿ ಟೈಪಿಸ್ಟ್, ಬೈಲಹೊಂಗಲ
(ಇದು ಮೂಗರ್ಜಿಯಲ್ಲ.)